ಅಪ್ಪ ನೋಡದ ಆರಿದ್ರೆ

ಸಂಕ್ರಾಂತಿಗೆ ಊರಿಗೆ ಹೊರಡುವ ಮುಂಚೆಯೇ ಚಾಮರಾಜನಗರದಿಂದ ಅಕ್ಕ ಫೋನ್ ಮಾಡಿದ್ದಳು. "ಅವಳಿಗೆ ಸ್ವಲ್ಪ ಬುದ್ಧಿ ಹೇಳಪ್ಪ, ನಿನ್ನ ಮಾತಾದ್ರೂ ಕೇಳ್ತಾಳೆ" ಅಂತ. ಅವಳು ಅಂದರೆ ಅಕ್ಕನ ಮಗಳು. ಸೆಕೆಂಡ್ ಪಿಯು. ಇಂಜಿನಿಯರಿಂಗ್ ಬೇಡ, ಬಿಎಸ್ಸಿ ಫಿಸಿಕ್ಸ್ ಮಾಡಿ ಆಮೇಲೆ ಆಸ್ಟ್ರೋಫಿಸಿಕ್ಸ್ ಓದ್ತೀನಿ ಅಂತ ಹಠ ಹಿಡಿದು ಕೂತಿದ್ದಳು. ಬುದ್ಧಿ ಹೇಳೋಕೆ ನಾನೇ ಸರಿ ಅನ್ನೋದು ಅಕ್ಕನ ಲೆಕ್ಕ. ಯಾಕೆಂದರೆ ಹನ್ನೆರಡು ವರ್ಷದ ಹಿಂದೆ ಇದೇ ಹಠ ಹಿಡಿದು, ಅರಿಶಿನಕ್ಕೆ ರೇಟಿಲ್ಲದೆ ಅಪ್ಪ ಸಾಲದಲ್ಲಿ ಸಿಕ್ಕಿಕೊಂಡಿದ್ದನ್ನು ನೋಡಿ, ತೆಪ್ಪಗೆ ಕಂಪ್ಯೂಟರ್ ಸೈನ್ಸ್ ಸೇರಿದವನು ನಾನು.

ಗುಂಡ್ಲುಪೇಟೆ ದಾಟಿ ಬಂಡೀಪುರದ ಕಡೆಗೆ ಹೋಗುವ ರಸ್ತೆಯ ಒಳಗೆ ನಮ್ಮೂರು. ರಾತ್ರಿ ಒಂಬತ್ತಕ್ಕೆ ಕಾಡಿನ ಗೇಟ್ ಬಿದ್ದರೆ ಕೇರಳದ ಲಾರಿಗಳೆಲ್ಲ ನಿಂತುಹೋಗುತ್ತವೆ. 2009ರಲ್ಲಿ ಶುರುವಾದ ಈ ರಾತ್ರಿ ಸಂಚಾರ ನಿಷೇಧ ಪ್ರಾಣಿಗಳಿಗಾಗಿ. ಆಕಾಶ ನೋಡುವವರಿಗೂ ಅದರಿಂದ ಲಾಭವೇ ಆಗಿದೆ.

ಅವತ್ತು ಸಂಜೆ ದನಗಳಿಗೆ ಕಿಚ್ಚು ಹಾಯಿಸಿ ಆಗಿತ್ತು. ಉಳಿದ ಹುಲ್ಲು, ಸೌದೆ ಹಾಕಿಕೊಂಡು ಹಿತ್ತಲಲ್ಲಿ ಬೆಂಕಿ ಕಾಯಿಸುತ್ತಾ ಕೂತಿದ್ದೆವು. ಹುಡುಗಿ ಮೊಬೈಲ್ ಆ್ಯಪ್ ಹಿಡಿದು ಒಂದೊಂದೇ ನಕ್ಷತ್ರ ಹೇಳ್ತಾ ಹೋದಳು. ಗೊಂಚಲು ಥರ ಇರೋದು ಕೃತ್ತಿಕೆ, ಕೆಂಪಗಿರೋದು ರೋಹಿಣಿ, ಅದರ ಕೆಳಗೆ ಇನ್ನೊಂದು ಕೆಂಪು, ಬೀಟಲ್‌ಜ್ಯೂಸ್, ಅಂದ್ರೆ ನಮ್ಮ ಆರಿದ್ರಾ.

ಅಪ್ಪ ಎದ್ದು ನಿಂತರು. "ಇದಾ ಆರಿದ್ರೆ?"

ನಲವತ್ತು ವರ್ಷ ಬೇಸಾಯ ಮಾಡಿದ ಮನುಷ್ಯ. ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರಾ, ಆರಿದ್ರಾ ಅಂತ ಮಳೆಯನ್ನೆಲ್ಲ ಹೆಸರು ಹಿಡಿದೇ ಕರೆಯುವವರು. ಆದರೆ ಆ ಹೆಸರಿನ ನಕ್ಷತ್ರ ಯಾವುದು ಅಂತ ಅವರಿಗೆ ಯಾರೂ ತೋರಿಸಿರಲಿಲ್ಲ. ಸ್ವಲ್ಪ ಹೊತ್ತು ನೋಡಿ ಕೇಳಿದರು: "ಅಲ್ಲ ಕೂಸೇ, ಆರಿದ್ರಾ ಮಳೆ ಬರದು ಜೂನ್ ಕೊನೇಲಿ. ಇದು ಜನವರೀಲಿ ಇಲ್ಲೇನ್ ಮಾಡ್ತಾ ಅದ?"

ಹುಡುಗಿ ನನ್ನ ಮುಖ ನೋಡಿದಳು. ನಾನು ಬೆಂಕಿ ನೋಡಿದೆ. ಆಮೇಲೆ ಅವಳಿಗೇ ಹೊಳೆಯಿತು. "ತಾತ, ಬನ್ನಿ" ಅಂತ ಅವರ ಕೈ ಹಿಡಿದು ಬೆಂಕಿ ಸುತ್ತ ನಡೆಸಿದಳು. ಬೆಂಕಿ ಸೂರ್ಯ, ನಡೆಯುವ ನಾವು ಭೂಮಿ, ಸುತ್ತಲಿನ ತೆಂಗಿನಮರಗಳು ನಕ್ಷತ್ರ. ಬೆಂಕಿಗೆ ಬೆನ್ನು ಮಾಡಿ ನಿಂತರೆ ಎದುರಿನ ಮರ ಕಾಣುತ್ತದೆ. ಅದು ನಮ್ಮ ಜನವರಿ ರಾತ್ರಿ. ಅರ್ಧ ಸುತ್ತು ಹೋಗಿ ಬೆಂಕಿಯ ಆ ಕಡೆ ನಿಂತು ಅದೇ ಮರ ನೋಡಿ, ಬೆಂಕಿಯ ಬೆಳಕಿನಲ್ಲಿ ಮರವೇ ಕಾಣಲ್ಲ. ಅದು ಜೂನ್.

ಇಷ್ಟೇ ವಿಷಯ. ವರ್ಷಪೂರ್ತಿ ಸೂರ್ಯ ಹಾದುಹೋಗುವ ದಾರಿಯನ್ನು ಹಿಂದಿನವರು 27 ನಕ್ಷತ್ರಗಳಾಗಿ ಭಾಗ ಮಾಡಿದರು. ಒಂದೊಂದರಲ್ಲೂ ಸೂರ್ಯ 13-14 ದಿನ ಇರುತ್ತಾನೆ. ಜೂನ್ 22ರ ಹೊತ್ತಿಗೆ ಆರಿದ್ರೆಯ ಭಾಗಕ್ಕೆ ಬರುತ್ತಾನೆ, ಆಗ ಬೀಳೋದು ಆರಿದ್ರಾ ಮಳೆ. ಅಂದರೆ ಆರಿದ್ರಾ ಮಳೆಯ ದಿನಗಳಲ್ಲಿ, ಮೋಡ ಇಲ್ಲದಿದ್ದರೂ ಆ ನಕ್ಷತ್ರ ಕಾಣುವುದಿಲ್ಲ. ಅದು ಹಗಲಲ್ಲಿ ಸೂರ್ಯನ ಜೊತೆಗೇ ಹುಟ್ಟಿ ಜೊತೆಗೇ ಮುಳುಗುತ್ತಿರುತ್ತದೆ. ಈ ಮಳೆಗಳ ಹೆಸರು ಕೇಳುತ್ತಲೇ ಬೆಳೆದ ನನಗೆ ಇದು ಅವತ್ತಿನವರೆಗೆ ಹೊಳೆದಿರಲಿಲ್ಲ, ಮೂವತ್ತು ವರ್ಷ!

ಅಪ್ಪನಿಗೆ ಆಮೇಲೆ ಹುರುಪು ಬಂತು. ಅದ್ಯಾಕೆ ಕೆಂಪು, ಪಕ್ಕದ್ದು ಯಾಕೆ ಬಿಳಿ? ಹುಡುಗಿ "ಗ್ಯಾಸ್ ಸ್ಟವ್ ನೀಲಿ ಉರಿ ಜಾಸ್ತಿ ಬಿಸಿ ಅಲ್ವಾ, ಹಾಗೆ" ಅಂದಳು. ಅಲ್ಲ, ಗ್ಯಾಸ್ ಉರಿಯ ನೀಲಿ ಬೇರೆ ಕಾರಣಕ್ಕೆ ಬರೋದು ಅಂತ ನಾನು ತಡೆದೆ. ಸರಿಯಾದ ಹೋಲಿಕೆ ಕೊಟ್ಟಿದ್ದು ಅಪ್ಪನೇ. "ಕುಲುಮೇಲಿ ಕಬ್ಬಿಣ ಕೆಂಪಗಾಗಿ, ಆಮೇಲೆ ಹಳದಿ ಆಗಿ, ಆಮೇಲೆ ಬೆಳ್ಳಗಾಯ್ತದಲ್ಲ, ಹಂಗಾ?" ಹಾಗೇ. ಆರಿದ್ರೆಯ ಮೇಲ್ಮೈ ಸುಮಾರು 3,300 ಡಿಗ್ರಿ, ನಮ್ಮ ಸೂರ್ಯ 5,500, ಅಲ್ಲೇ ಕೆಳಗೆ ಹೊಳೆಯುವ ನೀಲಿಬಿಳಿ ರೈಗಲ್ ಹತ್ತು ಸಾವಿರಕ್ಕೂ ಹೆಚ್ಚು. ಅಲ್ಲಿಗೆ ಹೋಗದೇ ಥರ್ಮಾಮೀಟರ್ ಇಲ್ಲದೇ ಬರೀ ಬಣ್ಣದಿಂದ ಬಿಸಿ ಹೇಳಬಹುದು.

ಆರಿದ್ರೆ ತಣ್ಣಗಿದೆ ಅಂತ ಸಣ್ಣದಲ್ಲ. ಸೂರ್ಯನ ಜಾಗದಲ್ಲಿ ಅದನ್ನಿಟ್ಟರೆ ಭೂಮಿ ಅದರ ಹೊಟ್ಟೆಯೊಳಗೇ ಇರುತ್ತದೆ. ದೊಡ್ಡ ನಕ್ಷತ್ರ ಇಂಧನವನ್ನು ದುಂದು ಮಾಡುತ್ತದೆ. ಸೂರ್ಯ ಸಾವಿರ ಕೋಟಿ ವರ್ಷ ಉರಿದರೆ ಇದು ಸುಮಾರು ಒಂದು ಕೋಟಿ ವರ್ಷಕ್ಕೇ ಮುಗಿಸಿ ಕೊನೆಗೆ ಸಿಡಿಯುತ್ತದೆ. 2019ರ ಕೊನೆಗೆ ಇದು ಇದ್ದಕ್ಕಿದ್ದಂತೆ ಮಂಕಾದಾಗ ಸಿಡಿದೇಬಿಡ್ತು ಅಂತ ಎಲ್ಲರೂ ಕಾದರು. ಕೆಲವು ತಿಂಗಳಲ್ಲಿ ಮತ್ತೆ ಮೊದಲಿನಂತಾಯಿತು. ಅದೇ ಉಗುಳಿದ ಧೂಳು ಅಡ್ಡ ಬಂದಿತ್ತು ಅಂತ ವಿಜ್ಞಾನಿಗಳು ಹೇಳಿದರು. ಅಲ್ಲಿಂದ ಬೆಳಕು ಬರೋಕೇ 500ರಿಂದ 700 ವರ್ಷ ಬೇಕು. ಆ ಮಂಕಾಗಿದ್ದು ನಡೆದದ್ದು ಹೆಚ್ಚುಕಡಿಮೆ ವಿಜಯನಗರದ ಕಾಲದಲ್ಲಿ, ನಮಗೆ ಕಂಡಿದ್ದು ಕೋವಿಡ್ ಶುರುವಾಗುವ ಹೊತ್ತಿಗೆ.

"ಈಗಿನ ಮಳೆ ನಕ್ಷತ್ರದ ಮಾತು ಕೇಳದಿಲ್ಲ" ಅಂದರು ಅಪ್ಪ. ಹುಡುಗಿ ತಕ್ಷಣ, ಭೂಮಿಯ ಅಕ್ಷ ಬುಗುರಿ ಥರ ಓಲಾಡೋದ್ರಿಂದ ನಕ್ಷತ್ರದ ತಾರೀಕು ಜರುಗುತ್ತದೆ ಅಂದಳು. ನಿಜ. ಆದರೆ ಜರುಗೋದು ಸುಮಾರು 70 ವರ್ಷಕ್ಕೆ ಒಂದು ದಿನ. ಅಪ್ಪ ಬೇಸಾಯ ಮಾಡಿದ ನಲವತ್ತು ವರ್ಷಕ್ಕೆ ಅರ್ಧ ದಿನ ಚಿಲ್ಲರೆ. ಮಳೆ ಕೈಕೊಟ್ಟಿದ್ದಕ್ಕೆ ನಕ್ಷತ್ರವನ್ನು ದೂರುವಂತಿಲ್ಲ.

ಅಪ್ಪ ಮಲಗಲು ಹೋದ ಮೇಲೆ ಒಪ್ಪಿಕೊಂಡ ಕೆಲಸ ಶುರು ಮಾಡಿದೆ. ಬಿಎಸ್ಸಿ ಮೂರು ವರ್ಷ, ಎಂಎಸ್ಸಿ ಎರಡು, ಪಿಎಚ್‌ಡಿ ಐದಾರು. ಸಂಬಳ ಕಾಣುವ ಹೊತ್ತಿಗೆ ನಿನಗೆ ಮೂವತ್ತು. ಇಂಜಿನಿಯರಿಂಗ್ ಮಾಡಿಕೊಂಡೂ ಆಮೇಲೆ ಆ ಕಡೆ ಹೋಗಬಹುದು, ಅವರಿಗೂ ಕೋಡ್ ಬರೆಯುವವರು ಬೇಕು. ಎಲ್ಲಾ ಕೇಳಿಸಿಕೊಂಡು ಅವಳು ಒಂದೇ ಮಾತು ಕೇಳಿದಳು.

"ನೀವು ಹೋದ್ರಾ ಮಾಮ?"

ಕೋರಮಂಗಲದಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್ ಇದೆ. ಆರು ವರ್ಷದಿಂದ ಅದರ ಮುಂದೆಯೇ ಆಫೀಸಿಗೆ ಹೋಗ್ತಿದ್ದೀನಿ. ಸಿಗ್ನಲ್‌ನಲ್ಲಿ ನಿಂತಾಗ ಬೋರ್ಡ್ ಓದುತ್ತೇನೆ, ಒಳಗೆ ಒಂದು ದಿನವೂ ಹೋಗಿಲ್ಲ. ಅದನ್ನೇ ಹೇಳಿದೆ. ಅವಳು ನಗಲಿಲ್ಲ.

ಬೆಳಿಗ್ಗೆ ಅಕ್ಕನಿಗೆ ಫೋನಿನಲ್ಲಿ, ಸಂಬಳದ ವಿಷಯ ಎಲ್ಲಾ ಹೇಳಿದ್ದೀನಿ, ಇನ್ನು ಅವಳಿಷ್ಟ, ಎಂಎಸ್ಸಿವರೆಗಿನ ಫೀಸು ನನಗಿರಲಿ ಅಂದೆ. ಅಕ್ಕ ಅರ್ಧಕ್ಕೇ ಕಟ್ ಮಾಡಿದಳು. ನನ್ನ ಜೊತೆ ಈಗಲೂ ನೆಟ್ಟಗೆ ಮಾತಾಡ್ತಿಲ್ಲ.

ಅಪ್ಪ ಮಾತ್ರ ಜೂನ್ ಕೊನೆಯ ವಾರ ಫೋನ್ ಮಾಡಿದ್ದರು. ಸೂರ್ಯಕಾಂತಿ ಮೊಗ್ಗಾಗಿದೆ, ಮೋಡ ಕಟ್ತಾ ಅದ, ಮಳೆ ಮಾತ್ರ ಬಂದಿಲ್ಲ ಅಂದರು. ಇಡುವ ಮುಂಚೆ ಕೇಳಿದರು: "ಆ ಕೆಂಪುದು ಈಗ ಬೆಂಕಿ ಹಿಂದ ಅದ, ಅಲ್ವಾ?"