ಹಳೇಕೋಟೆಯಿಂದ ಹೆಗ್ಗಡದೇವನಕೋಟೆಗೆ

ಹೊಳೆನರಸೀಪುರ ಸ್ಟೇಷನ್ನಿನಲ್ಲಿ ಮೈಸೂರಿನ ರೈಲು ಹತ್ತಿ ಕೂತ ಮೇಲೂ ಮೇಷ್ಟ್ರ ಮುಖದಲ್ಲಿ ಗೆಲುವಿಲ್ಲ. ಹಳೇಕೋಟೆ ಹೋಬಳಿಯ ಸರ್ಕಾರಿ ಶಾಲೆಯೊಂದರಲ್ಲಿ ನಾಲ್ಕು ಮತ್ತು ಐದನೇ ತರಗತಿಗೆ ಒಂದೇ ಕೊಠಡಿಯಲ್ಲಿ ಪಾಠ ಹೇಳುವವರು ಅವರು. ಬಿಸಿಯೂಟದ ಲೆಕ್ಕ, ಚುನಾವಣೆ ಡ್ಯೂಟಿ, ದಿನಕ್ಕೊಂದು ಆನ್‌ಲೈನ್ ಮಾಹಿತಿ ಎಲ್ಲ ಅವರ ಹೆಗಲಿಗೇ. ಸ್ವಯಂ ನಿವೃತ್ತಿಯ ಮಾತು ಈಚೆಗೆ ನಾಲಿಗೆಯ ತುದಿಯಲ್ಲೇ ಇರುತ್ತದೆ. “ಮಕ್ಕಳ ಮೇಲೆ ಬೇಜಾರಿಲ್ಲ ಕಣಪ್ಪ. ಒಬ್ಬ ಭಾಗಾಕಾರ ಮಾಡ್ತಾನೆ, ಪಕ್ಕದೋನಿಗೆ ಒತ್ತಕ್ಷರ ಬರಲ್ಲ, ಇನ್ನೊಬ್ಬ ವಾರಕ್ಕೆರಡು ದಿನ ಕುರಿ ಹಿಂದೆ ಹೋಗ್ತಾನೆ. ಯಾರನ್ನ ಎಳ್ಕೊಂಡು ಹೋಗ್ಲಿ, ಯಾರನ್ನ ಬಿಟ್ಟು ಹೋಗ್ಲಿ?” ಈ ಪ್ರಶ್ನೆಗೆ ಹಿಂದೊಮ್ಮೆ ಉತ್ತರ ಹುಡುಕಿದ ಊರನ್ನು ಅವರಿಗೆ ತೋರಿಸಬೇಕೆಂದೇ ನಾನು ಹೊರಡಿಸಿದ್ದು.

ಸಾಗರಕಟ್ಟೆ ಬರುತ್ತಿದ್ದಂತೆ ಡಬ್ಬಿಯಲ್ಲಿದ್ದವರೆಲ್ಲ ಕಿಟಕಿಗೆ ಮುಗಿಬೀಳುತ್ತಾರೆ. ಕೆಳಗೆ ಕನ್ನಂಬಾಡಿಯ ಹಿನ್ನೀರು, ಕಣ್ಣು ಹಾಯುವಷ್ಟು ದೂರ. ನಮ್ಮೂರಿನ ಪಕ್ಕ ಹರಿಯುವ ಹೇಮಾವತಿಯೂ ಕಾವೇರಿಯನ್ನು ಕೂಡಿ ಇದರೊಳಗೇ ಸೇರಿದ್ದಾಳೆ. ಬೇಸಿಗೆಯಲ್ಲಿ ಮೊಣಕಾಲುದ್ದ ನೀರಲ್ಲಿ ನಾವು ದಾಟುವ ಹೊಳೆ ಇದೇನಾ ಅಂತ ನೋಡುತ್ತಲೇ ಇದ್ದೆ.

ಮೈಸೂರಿನಿಂದ ಮುಂದಕ್ಕೆ ಮಾನಂದವಾಡಿ ರಸ್ತೆಯ ಬಸ್ಸು. ಸೀಟು ಸಿಕ್ಕಿತು, ಆದರೆ ಸೀಟಿಗೆ ಬೋಲ್ಟು ಇರಲಿಲ್ಲ. ತಿರುವು ಬಂದಾಗಲೆಲ್ಲ ನಾವಿಬ್ಬರೂ ಸೀಟಿನ ಸಮೇತ ಎದ್ದು ಕೂರುತ್ತಿದ್ದೆವು. ಚಿಲ್ಲರೆ ಬಾಕಿಯನ್ನು ಕಂಡಕ್ಟರ್ ಟಿಕೆಟ್ಟಿನ ಹಿಂದೆ ಬರೆದುಕೊಟ್ಟರು. ಹಂಪಾಪುರ ದಾಟಿದ ಮೇಲೆ ಹೊಲಗಳ ಬಣ್ಣ ಬೇರೆ. ನಮ್ಮಲ್ಲಿ ಆಲೂಗೆಡ್ಡೆ ಸಾಲು ಕಾಣುವ ಕಡೆ ಇಲ್ಲಿ ಹತ್ತಿ ಒಡೆದು ನಿಂತಿದೆ. ಹಿಂದಿನ ಸೀಟಿನ ಅಜ್ಜಿ ಹತ್ತಿಯ ಒಂದು ಕಾಯಿಯನ್ನು ಮೇಷ್ಟ್ರ ಕೈಗಿಟ್ಟು, “ನಿಮ್ ಕಡೆ ಬೆಳಿಯಲ್ವಾ?” ಅಂತ ಕೇಳುತ್ತಾಳೆ. ಇಲ್ಲವೆಂದಾಗ ಅವಳಿಗಾದ ಆಶ್ಚರ್ಯ ನಮ್ಮದಕ್ಕಿಂತ ದೊಡ್ಡದು.

ಹೆಗ್ಗಡದೇವನಕೋಟೆ ಸಾಮಾನ್ಯ ತಾಲ್ಲೂಕು ಕೇಂದ್ರ. ಅಂಗಡಿ ಸಾಲು, ಬಸ್‌ಸ್ಟ್ಯಾಂಡ್, ಜೆರಾಕ್ಸ್ ಬೋರ್ಡು. ಮೇಷ್ಟ್ರ ಪ್ರಶ್ನೆಗೆ ಇಲ್ಲಿ ಉತ್ತರ ಹುಡುಕಿದ್ದರು ಎಂದು ಹೇಳುವ ಫಲಕ ನನ್ನ ಕಣ್ಣಿಗೆ ಎಲ್ಲೂ ಬೀಳಲಿಲ್ಲ. 1995ರಲ್ಲಿ ಈ ತಾಲ್ಲೂಕಿನ ಕೆಲವು ಪ್ರಾಥಮಿಕ ಶಾಲೆ ಶಿಕ್ಷಕರು ಮದನಪಲ್ಲಿ ಬಳಿಯ ರಿಷಿ ವ್ಯಾಲಿಗೆ ಹೋಗಿ ಬಂದರು. ಅದು ಜೆ. ಕೃಷ್ಣಮೂರ್ತಿ ಕಟ್ಟಿದ ಶಾಲೆಯಿರುವ ಜಾಗ. ಅವರು ನೋಡಿದ್ದು ಆ ಹೆಸರಾಂತ ಶಾಲೆಯನ್ನಲ್ಲ, ಅದರ ಗ್ರಾಮೀಣ ಕೇಂದ್ರ ಸುತ್ತಲಿನ ತೆಲುಗು ಹಳ್ಳಿಗಳಲ್ಲಿ ನಡೆಸುತ್ತಿದ್ದ ಪುಟ್ಟ ಶಾಲೆಗಳನ್ನು. ಒಬ್ಬರೇ ಟೀಚರು, ಎಲ್ಲ ವಯಸ್ಸಿನ ಮಕ್ಕಳು, ಪಠ್ಯಪುಸ್ತಕದ ಬದಲು ಕಾರ್ಡುಗಳು. ಮಗು ತನ್ನ ಕಾರ್ಡು ತಾನೇ ಹುಡುಕಿ ತನ್ನ ವೇಗದಲ್ಲಿ ಕಲಿಯುತ್ತಿತ್ತು. ವಾಪಸು ಬಂದ ಶಿಕ್ಷಕರು ಅದನ್ನು ಹಾಗೇ ಎತ್ತಿ ತರಲಿಲ್ಲ. ಕನ್ನಡಕ್ಕೆ, ತಮ್ಮ ಕಾಡಂಚಿನ ಮಕ್ಕಳಿಗೆ ಹೊಂದುವಂತೆ ತಾವೇ ಕೂತು ಕಾರ್ಡು ಬರೆದರು, ಹಾಡು ಕಟ್ಟಿದರು. ಯುನಿಸೆಫ್ ನೆರವಾಯಿತು, ಐಎಎಸ್ ಅಧಿಕಾರಿ ಅನಿತಾ ಕೌಲ್ ಬೆನ್ನಿಗೆ ನಿಂತರು. ಅದೇ ನಲಿ-ಕಲಿ.

“ಅದು ನಮ್ಮಲ್ಲೂ ಇದೆಯಲ್ಲಪ್ಪ,” ಅಂದರು ಮೇಷ್ಟ್ರು. ಇದೆ. 2009-10ರಲ್ಲಿ ರಾಜ್ಯದ ಸರ್ಕಾರಿ ಶಾಲೆಗಳ ಒಂದು, ಎರಡನೇ ತರಗತಿಗೆಲ್ಲ ಬಂತು, ಆಮೇಲೆ ಮೂರಕ್ಕೂ. ಆದರೆ ನಮ್ಮಲ್ಲಿಗೆ ಬಂದದ್ದು ಅಚ್ಚಾದ ಕಾರ್ಡಿನ ಪೆಟ್ಟಿಗೆ, ಜೊತೆಗೊಂದು ಆದೇಶ.

ಮರುದಿನ ಬೆಳಿಗ್ಗೆ ಒಂದು ಹಳ್ಳಿ ಶಾಲೆ. ಬಾಗಿಲಲ್ಲಿ ನಿಂತು ನೋಡಿದರೆ ಮೊದಲಿಗೆ ಟೀಚರೇ ಕಾಣುವುದಿಲ್ಲ. ಮೇಜಿಲ್ಲ, ಬೆಂಚಿಲ್ಲ, ನೆಲದ ಮೇಲೆ ಗುಂಪು ಗುಂಪಾಗಿ ಮಕ್ಕಳು, ಒಂದು ಗುಂಪಿನ ನಡುವೆ ಅವರಷ್ಟೇ ತಗ್ಗಿನಲ್ಲಿ ಕೂತ ಟೀಚರಮ್ಮ. ಪ್ರತಿ ಗುಂಪಿಗೂ ಒಂದು ‘ತಟ್ಟೆ’: ಟೀಚರ ಸಹಾಯ ಪೂರ್ತಿ ಬೇಕಾದವರದೊಂದು, ಸ್ವಲ್ಪ ಬೇಕಾದವರದೊಂದು, ಗೆಳೆಯರಿಂದ ಕಲಿಯುವವರದು, ತಾವೇ ಕಲಿಯುವವರದು. ತಲೆಯ ಮೇಲೆ ದಾರದ ಚಪ್ಪರ, ಅದರ ತುಂಬ ಮಕ್ಕಳು ಬರೆದ ಚಿತ್ರಗಳು. ಗೋಡೆಗೆ ಕಲಿಕಾ ಏಣಿ. ಕರಿಹಲಗೆ ನೆಲಕ್ಕಂಟಿಕೊಂಡಷ್ಟು ಕೆಳಗೆ, ಮಕ್ಕಳ ಕೈಗೆ ಎಟುಕುವಂತೆ.

ಎರಡು ಜಡೆಯ ಪುಟ್ಟಿಯೊಂದು ಏಣಿಯ ಬಳಿ ಹೋಗಿ ಮೆಟ್ಟಿಲಿನ ಮೇಲೆ ಬೆರಳಿಡುತ್ತದೆ. ಅಲ್ಲಿರುವ ಪ್ರಾಣಿ ಚಿತ್ರವನ್ನೂ ಅಂಕಿಯನ್ನೂ ನೋಡಿ, ಅದೇ ಗುರುತಿನ ಕಾರ್ಡು ತೆಗೆದು ತಂದು, ಸೀಮೆಸುಣ್ಣ ಹಿಡಿದು ಕೂರುತ್ತದೆ. ಇಲ್ಲಿ ಅಕ್ಷರ ಶುರುವಾಗುವುದು ಅ ಆ ಇ ಈ ಇಂದಲ್ಲ. ರ, ಗ, ಸ, ದ, ಅ ಇಂದ. ಐದೇ ಅಕ್ಷರ. ಪುಟ್ಟಿ ‘ಸರ’ ಬರೆಯಿತು. ‘ಅರಸ’ ಬರೆಯಿತು. ನಾಲಿಗೆಯನ್ನು ತುಟಿಯಂಚಿಗೆ ತಂದು, ಉಸಿರು ಬಿಗಿಹಿಡಿದು ‘ಗರಗಸ’ ಅಂತ ಬರೆದು ಹಿಂತಿರುಗಿ ನಮ್ಮನ್ನು ನೋಡಿತು. ವರ್ಣಮಾಲೆ ಮುಗಿದು ಕಾಗುಣಿತ ಬರುವ ತನಕ ನಮ್ಮ ಕಾಲದಲ್ಲಿ ಒಂದು ಪದಕ್ಕೂ ಕಾಯಬೇಕಿತ್ತು. ಈ ಮಗುವಿನ ಹತ್ತಿರ ಆಗಲೇ ಒಬ್ಬ ರಾಜನೂ ಒಂದು ಗರಗಸವೂ ಇದ್ದವು! ಮೇಷ್ಟ್ರು ಯಾವಾಗ ನೆಲಕ್ಕೆ ಕೂತರೋ ನನಗೆ ತಿಳಿಯಲಿಲ್ಲ.

ಮಧ್ಯಾಹ್ನಕ್ಕೆ ಮೊದಲು ಒಬ್ಬ ಹುಡುಗ ಬಂದ. ಹಾಡಿಯವನು, ಜೇನುಕುರುಬರ ಮಗ. ಅಪ್ಪ ಅಮ್ಮನ ಜೊತೆ ಕಾಫಿ ಕೊಯ್ಲಿಗೆ ಕೊಡಗಿಗೆ ಹೋಗಿದ್ದವನು, ಎಷ್ಟೋ ದಿನದ ಮೇಲೆ ಮುಖ ತೋರಿಸುತ್ತಿದ್ದಾನೆ. ನಮ್ಮ ಶಾಲೆಯಾಗಿದ್ದರೆ ಅಷ್ಟರಲ್ಲಿ ಪುಸ್ತಕ ನಾಲ್ಕು ಪಾಠ ಮುಂದಕ್ಕೆ ಓಡಿರುತ್ತಿತ್ತು, ಹುಡುಗ ಕೊನೆಯ ಸಾಲಿಗೆ ಸರಿದು ದಡ್ಡನೆನಿಸಿಕೊಳ್ಳುತ್ತಿದ್ದ. ಇಲ್ಲಿ ಟೀಚರಮ್ಮ, “ಬಾ ಮಗ, ಎಲ್ಲಿಗೆ ಬಿಟ್ಟಿದ್ದೆ ನೋಡು,” ಅಂದರು. ಅವನು ಏಣಿಯ ಮುಂದೆ ನಿಂತು, ತುಸು ತಡಕಾಡಿ, ತನ್ನ ಮೆಟ್ಟಿಲು ಹಿಡಿದ. ಅಲ್ಲಿಂದಲೇ ಮುಂದುವರಿದ.

ಊಟದ ಹೊತ್ತಿಗೆ ಟೀಚರಮ್ಮನೂ ಮೇಷ್ಟ್ರೂ ಜೋರು ಚರ್ಚೆ. ಆಕೆ ನಲಿ-ಕಲಿಯನ್ನು ಬರೀ ಹೊಗಳುತ್ತಿರಲಿಲ್ಲ. ಮಕ್ಕಳಿಗಿಂತ ದಾಖಲೆಗೆ ಹೆಚ್ಚು ಹೊತ್ತು ಹೋಗುವ ದಿನಗಳಿವೆ, ಹರಿದ ಕಾರ್ಡಿಗೆ ಬದಲಿ ಸಮಯಕ್ಕೆ ಬರುವುದಿಲ್ಲ, ಮೂರು ತರಗತಿಯ ಮಕ್ಕಳು ಹೆಚ್ಚಾದರೆ ಒಬ್ಬರ ಕೈಲಿ ಆಗುವುದಿಲ್ಲ ಎಂದರು. “ಹರಿದಿದ್ದನ್ನ ನಾನೇ ಬರೀತೀನಿ ಸರ್. ನಾನು ಬರೆದ ಕಾರ್ಡೇ ನನಗೆ ಚೆನ್ನಾಗಿ ಗೊತ್ತಿರುತ್ತೆ.” ಈ ಪದ್ಧತಿಯ ಜೀವ ಇರುವುದು ಇಲ್ಲೇ ಎಂದು ನನಗನ್ನಿಸುತ್ತದೆ. ಶಿಕ್ಷಕರು ತಾವೇ ಮಾಡಿದಾಗ ಅದು ಚಿಗುರಿತ್ತು. ಪೆಟ್ಟಿಗೆಯಲ್ಲಿ ಕಳಿಸಿದ ಕಡೆಗಳಲ್ಲಿ ಎಷ್ಟೋ ಬಾರಿ ಬೀರು ಸೇರಿತು.

ಸಂಜೆ ಅಂತರಸಂತೆ ದಾಟಿ ಕಾಡಿನಂಚಿನವರೆಗೆ ಹೋದೆವು. ನಮಗೆ ಬೆಟ್ಟವೆಂದರೆ ಮಾವಿನಕೆರೆಯ ರಂಗನಾಥನ ಬೆಟ್ಟ, ಕಾಡೆಂದರೆ ನೀಲಗಿರಿ ತೋಪು. ಇಲ್ಲಿ ನಾಗರಹೊಳೆಯ ಕಾಡು ರಸ್ತೆಯ ಎರಡೂ ಕಡೆಯಿಂದ ಒತ್ತಿಕೊಂಡು ಬರುತ್ತದೆ. ಬೀಚನಹಳ್ಳಿಯ ಬಳಿ 1974ರಲ್ಲಿ ಕಬಿನಿಗೆ ಅಣೆಕಟ್ಟೆ ಕಟ್ಟಿದಾಗ ಹಳ್ಳಿಗಳು ಮುಳುಗಿದವು. ಹಾಡಿಯ ಜನರೂ ಜಾಗ ಬಿಟ್ಟರು. ಗೊರೂರಿನಲ್ಲಿ ಹೇಮಾವತಿಗೆ ಕಟ್ಟೆ ಬಿದ್ದು ಶೆಟ್ಟಿಹಳ್ಳಿಯ ಚರ್ಚು ನೀರು ಸೇರಿದ್ದನ್ನು ಕಂಡ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ದಾರಿಯಲ್ಲಿ ಜೊತೆಯಾದ ಹಾಡಿಯ ಇಬ್ಬರು ಮಕ್ಕಳು ಕೂಗು ಕೇಳಿಯೇ ಹಕ್ಕಿಯ ಹೆಸರು ಹೇಳುತ್ತಾರೆ, ಲದ್ದಿ ನೋಡಿಯೇ ಆನೆ ಹೋದ ಹೊತ್ತು ಹೇಳುತ್ತಾರೆ. ಮೇಷ್ಟ್ರು ಅವರ ಹಿಂದೆಯೇ, ಪ್ರಶ್ನೆ ಕೇಳುತ್ತಾ, ಕೇಳಿದ್ದನ್ನು ಡೈರಿಯಲ್ಲಿ ಬರೆಯುತ್ತಾ ನಡೆದರು.

ವಾಪಸು ಮೈಸೂರಿಗೆ ಬಂದಾಗ ಸ್ಟೇಷನರಿ ಅಂಗಡಿಯಲ್ಲಿ ಗಂಟೆಗಟ್ಟಲೆ ಕಳೆದೆವು. ಡ್ರಾಯಿಂಗ್ ಶೀಟು, ಸ್ಕೆಚ್ ಪೆನ್ನು, ನೂಲಿನ ಉಂಡೆ. ನಾಲ್ಕನೇ ತರಗತಿಯ ಭಾಗಾಕಾರಕ್ಕೆ ಎಷ್ಟು ಮೆಟ್ಟಿಲು ಬೇಕೆಂದು ಮೇಷ್ಟ್ರು ಬಿಲ್ಲಿನ ಹಿಂದೆಯೇ ಲೆಕ್ಕ ಹಾಕಿದರು. “ಕುರಿ ಕಾಯೋನಿಗೆ ಕುರಿ ಲೆಕ್ಕದಿಂದಾನೇ ಶುರು ಮಾಡ್ತೀನಿ,” ಅಂದರು. ಅಷ್ಟರಲ್ಲಿ ರೈಲು ಹೋಗಿತ್ತು. ಹಾಸನದ ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಶೀಟಿನ ಸುರುಳಿಯನ್ನು ಸೀಟಿನಲ್ಲಿದ್ದ ಹೆಂಗಸೊಬ್ಬರು ತಾವೇ ಕೇಳಿ ಮಡಿಲಿಗೆ ತೆಗೆದುಕೊಂಡರು. ಕೃಷ್ಣರಾಜನಗರದ ತನಕ ಮೇಷ್ಟ್ರು ನಿಂತುಕೊಂಡೇ ಆಕೆಗೆ ಗರಗಸದ ಕಥೆ ಹೇಳುತ್ತಿದ್ದರು.