ನಂಬರ್ ಸೇವ್ ಆಗದಿದ್ದರೆ ಸಂದೇಶ ತಲುಪದು

ಕೈ ಬಿಗಿಯಿರುವ ಸಣ್ಣ ಸೇವಾ ಸಂಸ್ಥೆಗಳಿಗೆ ವಾಟ್ಸ್‌ಆ್ಯಪ್‌ನ ಬ್ರಾಡ್‌ಕಾಸ್ಟ್ ಪಟ್ಟಿ ನಿಜಕ್ಕೂ ಒಳ್ಳೆಯ ಸಾಧನ. ಒಂದು ಪಟ್ಟಿಗೆ 256 ಜನರವರೆಗೆ ಸೇರಿಸಬಹುದು. ಗುಂಪಿನ ಗದ್ದಲವಿಲ್ಲ, ಉತ್ತರವೂ ನೇರ ಸಂಸ್ಥೆಗೇ ಬರುತ್ತದೆ. ಆದರೆ ಸಂಸ್ಥೆಯ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ಸಂದೇಶ ಹೋಗುತ್ತದೆ. ಎಷ್ಟೋ ಕಡೆ ಎಡವುವುದು ಇಲ್ಲೇ. ರಕ್ತದಾನ ಶಿಬಿರದಲ್ಲೋ ಪುಸ್ತಕ ವಿತರಣೆಯಲ್ಲೋ ಹೆಸರು ಬರೆದುಕೊಳ್ಳುವ ಸ್ವಯಂಸೇವಕರು, ಒಪ್ಪಿಗೆ ಕೇಳಿ, ಒಂದು ಮಿಸ್ಡ್ ಕಾಲ್ ಕೊಟ್ಟು, ಅಲ್ಲೇ ಸೇವ್ ಮಾಡಿಸಬೇಕು. ಸಾವಿರಗಟ್ಟಲೆ ಕರಪತ್ರ ಅಚ್ಚು ಹಾಕಿಸುವುದಕ್ಕಿಂತ ಇದು ಎಷ್ಟೋ ಮೇಲು. ಇನ್ನು, ಈ ಪಟ್ಟಿಯವರನ್ನು ಮತ್ತೆ ದೇಣಿಗೆ ಕೇಳುವ ಮೊದಲು ಹಿಂದಿನ ಹಣದ ಲೆಕ್ಕ ಕೊಡಬೇಕು. ಕೊಂಡ ನೋಟ್‌ಬುಕ್ಕುಗಳ ಬಿಲ್ಲಿನ ಫೋಟೊ ಕಳಿಸಿದರೂ ಸಾಕು. ಸಂಸ್ಥೆ ನಡೆಸುವ ಗೆಳೆಯರು ತಮ್ಮಲ್ಲಿ ಫಲಿಸಿದ ದಾರಿಗಳನ್ನು ದಯವಿಟ್ಟು ಇಲ್ಲಿ ತಿಳಿಸಲಿ.