ತಂಗಡಿ ಸಾಲು

ಬಂಗಾರಪೇಟೆ ದಾಟಿ ಕೆಜಿಎಫ್ ಕಡೆ ಹೊರಟರೆ ರಸ್ತೆ ಬದಿಗೆ ಸೊಂಟದೆತ್ತರದ, ಹಳದಿ ಹೂವಿನ ತಂಗಡಿ ಗಿಡಗಳು. ಪಾತಿ ಮಾಡಿದವರಿಲ್ಲ, ನೀರು ಹಾಕಿದವರಿಲ್ಲ. ಸಾವಿರ ಅಡಿ ಕೊರೆಸಿದರೂ ಬೋರ್‌ವೆಲ್ಲಿನಲ್ಲಿ ಬರೀ ದೂಳು ಕಂಡ ಸೀಮೆ ಇದು. ತಂಗಡಿಗೆ ಮಾತ್ರ ಆ ಚಿಂತೆ ಅಂಟಿಲ್ಲ. ಚಿನ್ನದ ಗಣಿ 2001ರಲ್ಲಿ ಮುಚ್ಚಿತು, ಗಿಡದ ಚಿನ್ನ ಮುಗಿದಿಲ್ಲ ಎಂದು ಬರೆಯಲು ಕೈ ತುರಿಸುತ್ತದೆ. ಬೇಡ. ಹಳದಿಯೆಲ್ಲ ಚಿನ್ನವಾಗಿದ್ದರೆ ಕೆಜಿಎಫ್ ಜನ ಬೆಳಗಾದರೆ ಬೆಂಗಳೂರಿನ ರೈಲಿಗೆ ಓಡಬೇಕಿರಲಿಲ್ಲ.

ತಂಗಡಿಯ ಆಯುಸ್ಸಿನ ಗುಟ್ಟು ರುಚಿಯಿಲ್ಲದಿರುವುದು. ದನ ಮೂಸಿ ನೋಡಿ ಮುಂದೆ ಹೋಗುತ್ತದೆ. ಮೇಕೆ ಕೂಡ ಬೇರೇನಾದರೂ ಸಿಕ್ಕರೆ ಇದರ ಗೋಜಿಗೆ ಹೋಗದು. ಗೋಮಾಳದಲ್ಲಿ ಹುಲ್ಲು ನುಣ್ಣಗಾದ ಮೇಲೂ ತಂಗಡಿ ಹೂಬಿಟ್ಟುಕೊಂಡು ನಿಂತಿರುತ್ತದೆ.

ಹೂವನ್ನು ಹತ್ತಿರದಿಂದ ನೋಡಬೇಕು. ಸುಕ್ಕುಸುಕ್ಕಾದ ಐದು ಎಸಳು, ಒಳಗೆ ಕಿತ್ತಳೆ ಬಣ್ಣದ ನರಗಳು, ಹತ್ತು ಕೇಸರ. ಅದರಲ್ಲಿ ಮೇಲಿನ ಮೂರು ಹೆಸರಿಗೆ ಮಾತ್ರ, ಪರಾಗವಿಲ್ಲ. (ಎಲ್ಲ ಕಚೇರಿಗಳಲ್ಲೂ ಇಂಥ ಮೂವರಿರುತ್ತಾರೆ.) ಉಳಿದವುಗಳಲ್ಲೂ ಪರಾಗ ಇರುವುದು ತುದಿಯಲ್ಲಷ್ಟೇ ಸಣ್ಣ ತೂತಿರುವ ಚೀಲದೊಳಗೆ. ಮಕರಂದದ ಆಸೆಗೆ ಬಂದವರಿಗೆ ಇಲ್ಲೇನೂ ಇಲ್ಲ. ದೊಡ್ಡ ಕರಿದುಂಬಿ ಬಂದು ಕೇಸರವನ್ನು ತಬ್ಬಿ ಹಿಡಿದು ಗುಂಯ್ ಎಂದು ಮೈ ನಡುಗಿಸಿದಾಗ ಉಪ್ಪಿನ ಡಬ್ಬಿ ಕೊಡವಿದ ಹಾಗೆ ಪರಾಗ ಉದುರುತ್ತದೆ. ದುಂಬಿಯ ಹೊಟ್ಟೆಯೆಲ್ಲ ಹಳದಿ.

ದನಕ್ಕೆ ಬೇಡವಾದ ಗಿಡ ಸತ್ತ ದನದ ಚರ್ಮಕ್ಕೆ ಬೇಕಿತ್ತು. ಚರ್ಮ ಹದ ಮಾಡಲು ತಂಗಡಿ ತೊಗಟೆಯೇ ಆಧಾರವಾಗಿತ್ತು. ಮದ್ರಾಸಿನಿಂದ ಇಂಗ್ಲೆಂಡಿಗೆ ಹಡಗೇರಿದ ಚರ್ಮದಲ್ಲಿ ಇದರ ಒಗರಿತ್ತು. ಆಮೇಲೆ ದಕ್ಷಿಣ ಆಫ್ರಿಕಾದ ವ್ಯಾಟಲ್ ತೊಗಟೆ ಬಂತು, ಇದನ್ನು ಕೇಳುವವರು ಕಡಿಮೆಯಾದರು. ಗದ್ದೆಗೆ ಹೊಂಗೆ ಸೊಪ್ಪಿನ ಜೊತೆ ಇದನ್ನೂ ತುಳಿಯುತ್ತಿದ್ದರು. ಅಲ್ಲಿಗೆ ಯೂರಿಯಾ ಬಂತು.

ತೆಲಂಗಾಣದವರು ಇದನ್ನೇ ತಮ್ಮ ರಾಜ್ಯದ ಹೂ ಮಾಡಿಕೊಂಡು, ದಸರೆ ಕಾಲದ ಬತುಕಮ್ಮ ಹಬ್ಬದಲ್ಲಿ ಗೋಪುರದಂತೆ ಜೋಡಿಸಿ ಸುತ್ತ ಕುಣಿಯುತ್ತಾರೆ. ನಮ್ಮದು ಕಮಲ. ಕಮಲಕ್ಕೆ ಕೆರೆ ಬೇಕು, ಕೆರೆಗೆ ನೀರು ಬೇಕು. ಕೋಲಾರದವರನ್ನು ಯಾರೂ ಕೇಳಲಿಲ್ಲ ಅಂತ ಕಾಣುತ್ತದೆ.

ಮೇಕೆಗೆ ದಕ್ಕದ್ದು ಜೆಸಿಬಿಗೆ ದಕ್ಕಿದೆ. ಹೊಸ ಲೇಔಟಿಗೆ ಮೊದಲು ಹೋಗುವುದೇ ತಂಗಡಿ. ಸೈಟು ಕೊಂಡವರು ನರ್ಸರಿಗೆ ಹೋಗಿ, ಅಮೆರಿಕ ಖಂಡದ ಮೂಲದ ಟೆಕೋಮಾಗೆ ದುಡ್ಡು ಕೊಟ್ಟು ತಂದು ಗೇಟಿನ ಪಕ್ಕ ನೆಡುತ್ತಾರೆ. ಅದೂ ಹಳದಿಯೇ.

ಕೆಜಿಎಫ್‌ನ ತಮಿಳು ಮನೆಗಳಿಗೆ ಪೊಂಗಲ್ ಸಮಯದಲ್ಲಿ ತಂಗಡಿ ಹೂ ಬೇಕೇ ಬೇಕು. ಬೇವಿನ ಸೊಪ್ಪಿನ ಜೊತೆ ಸೇರಿಸಿ ಸೂರಿಗೆ ಕಾಪು ಕಟ್ಟುತ್ತಾರೆ. ಹೋದ ಹಬ್ಬದ ಹಿಂದಿನ ದಿನ ಮಾರ್ಕೆಟ್ಟಿನಲ್ಲಿ ಒಂದು ಹಿಡಿಗೆ ಮೂವತ್ತು ರೂಪಾಯಿ ಹೇಳಿದರು.

"ಏನಕ್ಕಾ, ರೋಡಲ್ಲಿ ಬೆಳೆಯೋ ಹೂವಿಗೆ ಮೂವತ್ತಾ?" ಎಂದೆ.

"ಯಾವ ರೋಡು ಹೇಳಣ್ಣ, ನಾನೂ ಅಲ್ಲಿಗೇ ಹೋಗ್ತೀನಿ. ಬೆಳಿಗ್ಗೆಯಿಂದ ಆರು ಮೈಲಿ ನಡೆದಿದ್ದೀನಿ."

ಎರಡು ಹಿಡಿ ಕೊಂಡೆ.